ತೂಬಿನಯ್ಯನ ಬ್ಯಾಟರಿ ಕುರ್ಚಿ

ಬ್ಯಾಟರಿಯಿಂದ ಓಡುವ ಆ ಕುರ್ಚಿ ಶ್ರೀರಂಗಪಟ್ಟಣದ ನನ್ನ ರೇಡಿಯೋ ಅಂಗಡಿಗೆ ಬಂದದ್ದು ಎತ್ತಿನ ಗಾಡಿಯಲ್ಲಿ, ಹುಲ್ಲಿನ ಮೇಲೆ ಮಲಗಿಕೊಂಡು. ಗಾಡಿಯ ಹಿಂದೆ ನಲವತ್ತು ದಾಟಿದ ಒಬ್ಬ ಹೆಂಗಸು ನಡೆದು ಬಂದಿದ್ದರು. ನಾನು ರೇಡಿಯೋ ರಿಪೇರಿಯ ಜೊತೆಗೆ ನಾಲೆಯ ಗೇಟುಗಳಲ್ಲಿದ್ದ ಇಲಾಖೆಯ ಫೋನುಗಳನ್ನೂ ಸರಿ ಮಾಡಿಕೊಡುತ್ತಿದ್ದುದರಿಂದ ಆಕೆಗೆ ನನ್ನ ಮುಖಪರಿಚಯವಿತ್ತು.

"ಅಣ್ಣ, ಇದುನ್ನ ಓಡೋ ಅಂಗೆ ಮಾಡ್ಕೊಡಿ. ಇದು ಓಡುದ್ರೆ ನಮ್ಗೆ ತಲೆ ಮ್ಯಾಲೆ ಸೂರು ಉಳೀತದೆ" ಅಂದರು.

ಕುರ್ಚಿಗೂ ಸೂರಿಗೂ ಏನು ನಂಟು ಎಂದು ಕೇಳಿದೆ. ಕೂರಲು ಹೇಳಿದರೂ ಕೂರದೆ ನಿಂತೇ ಹೇಳಿದರು. ಆಕೆಯ ಗಂಡ ಪಾಂಡವಪುರದ ಕಡೆಯ ಒಂದು ನಾಲೆಯಲ್ಲಿ ಗೇಟು ಎತ್ತಿ ಇಳಿಸುವ ಕೆಲಸದವರು. ಸುತ್ತಿನ ಊರಿನವರೆಲ್ಲ ಅವರನ್ನು ತೂಬಿನಯ್ಯ ಅನ್ನುತ್ತಿದ್ದರು. ಮೂರು ವರ್ಷದ ಹಿಂದೆ ಗೇಟಿನ ಕಟ್ಟೆಯಿಂದ ಬಿದ್ದು ಬೆನ್ನುಮೂಳೆ ಮುರಿದು, ಸೊಂಟದಿಂದ ಕೆಳಗೆ ಸ್ವಾಧೀನವೇ ಇರಲಿಲ್ಲ. ಅಂದಿನಿಂದ ಗೇಟಿನ ಚಕ್ರ ತಿರುಗಿಸಲು ಬೇರೆ ಆಳು ಬರುತ್ತಿದ್ದ. ನೀರಿನ ಮಟ್ಟ ನೋಡಿ ಫೋನಿನಲ್ಲಿ ಹೇಳುವ ಕೆಲಸ ಮಾತ್ರ ಇವರ ಹೆಸರಿನಲ್ಲೇ ಉಳಿದು, ಅದನ್ನು ಹೆಂಡತಿ ಮಾಡುತ್ತಿದ್ದರು. ಹೊಸದಾಗಿ ಬಂದ ಇಂಜಿನಿಯರು ಒಂದು ದಿನ ಅದನ್ನು ಕಂಡು, ಕೆಲಸ ಯಾರ ಹೆಸರಿನಲ್ಲಿದೆಯೋ ಅವನೇ ಗೇಟಿನ ಕೋಣೆಗೆ ತಾನಾಗಿ ಬಂದು ಮಟ್ಟ ನೋಡಬೇಕು, ಆಗದಿದ್ದರೆ ನಾಲೆಗೆ ನೀರು ಬಿಡುವ ಮೊದಲೇ ಕ್ವಾಟ್ರಸ್ಸು ಖಾಲಿ ಮಾಡಬೇಕು ಎಂದು ಕಟ್ಟುನಿಟ್ಟಾಗಿ ಹೇಳಿ ಹೋದರು. ಮನೆಯಿಂದ ಕೋಣೆಗೆ ನಾಲೆ ಏರಿಯ ಮೇಲೆ ಎರಡು ಫರ್ಲಾಂಗು. ಕುರ್ಚಿಯನ್ನು ಮೈಸೂರಿನ ಆಸ್ಪತ್ರೆಯಲ್ಲಿದ್ದ ಹೊರದೇಶದ ಡಾಕ್ಟರೊಬ್ಬರು ತಮ್ಮ ಊರಿಗೆ ವಾಪಸಾಗುವಾಗ ಕೊಟ್ಟಿದ್ದರಂತೆ. ಕೊಡುವಾಗಲೇ ಅದು ಕೆಟ್ಟಿತ್ತು.

ಕುರ್ಚಿಯ ಹಿಂದಿದ್ದ ವೈರುಗಳ ಪೆಟ್ಟಿಗೆಯ ಮುಚ್ಚಳ ತೆಗೆದಾಗ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ದಿನಾ ಕೀರಲು ಸ್ಪೀಕರು, ಸುಟ್ಟ ವಾಲ್ವು ನೋಡಿ ನೋಡಿ ಬೇಸತ್ತಿದ್ದೆ. ಇಲ್ಲಿ ಹಿಂದಿನ ಎರಡು ಚಕ್ರಕ್ಕೆ ಒಂದೊಂದು ಮೋಟಾರು, ಸೀಟಿನ ಕೆಳಗೆ ಎರಡು ಬ್ಯಾಟರಿ, ಬಲಗೈ ಊರುವ ಕಡೆ ಹೆಬ್ಬೆರಳು ಗಾತ್ರದ ಒಂದು ಕಡ್ಡಿ. ಕಡ್ಡಿಯನ್ನು ಯಾವ ಕಡೆಗೆ ತಳ್ಳಿದರೆ ಆ ಕಡೆಯ ಪುಟ್ಟ ಸ್ವಿಚ್ಚು ಒತ್ತಿಕೊಂಡು ಪೆಟ್ಟಿಗೆಯೊಳಗಿನ ರಿಲೇಗೆ ಅಪ್ಪಣೆ ಕೊಡುತ್ತಿತ್ತು. ರಿಲೇ ಎಂದರೆ ಸಣ್ಣ ಕರೆಂಟಿನ ಮಾತು ಕೇಳಿ ದೊಡ್ಡ ಕರೆಂಟನ್ನು ಮೋಟಾರಿಗೆ ಹರಿಸುವ ಸ್ವಿಚ್ಚು. ಕಡ್ಡಿಯಿಂದ ಕೈ ತೆಗೆದ ಕೂಡಲೇ ಒಂದು ಸ್ಪ್ರಿಂಗು ಅದನ್ನು ನಡುವಿಗೆ ಎಳೆಯಬೇಕು, ರಿಲೇ ತೆರೆದುಕೊಳ್ಳಬೇಕು, ಕುರ್ಚಿ ನಿಲ್ಲಬೇಕು. ಕೂತವನ ಜೀವವೆಲ್ಲ ಆ ಸ್ಪ್ರಿಂಗಿನಲ್ಲಿತ್ತು.

ಆ ಸ್ಪ್ರಿಂಗೇ ಸೋತಿತ್ತು. ಕಡ್ಡಿ ನಡುವಿಗೆ ಬಾರದೆ ಒಂದು ಕಡೆ ವಾಲಿಕೊಂಡು ಉಳಿಯುತ್ತಿತ್ತು. ಪಕ್ಕದ ಸೈಕಲ್ ಶಾಪಿನ ಸಾಬರು ತಮ್ಮ ಡಬ್ಬವನ್ನೆಲ್ಲ ಸುರಿದು ಹುಡುಕಿ ಒಂದು ಸ್ಪ್ರಿಂಗು ಕೊಟ್ಟರು. ಅದನ್ನು ಕತ್ತರಿಸಿ, ಎರಡೂ ತುದಿ ಬಗ್ಗಿಸಿ ಕೂರಿಸಿದೆ. ತೇವ ಹಿಡಿದು ಹಸಿರುಗಟ್ಟಿದ್ದ ವೈರುಗಳನ್ನೆಲ್ಲ ಕಿತ್ತು ಹೊಸದು ಎಳೆದೆ. ರಿಲೇಗಳೊಳಗೆ ಒಂದಕ್ಕೊಂದು ತಾಗಿ ಕರೆಂಟು ಹರಿಸುವ ಬೆಳ್ಳಿಯ ಬಿಂದುಗಳು ಸಿಡುಬು ಬಿದ್ದ ಹಾಗಿದ್ದವು, ನಯವಾದ ಉಪ್ಪುಕಾಗದದಿಂದ ತಿಕ್ಕಿದೆ. ಕುರ್ಚಿಯನ್ನು ಇಟ್ಟಿಗೆಯ ಮೇಲೆ ಎತ್ತಿ ನಿಲ್ಲಿಸಿ, ಚಕ್ರ ಗಾಳಿಯಲ್ಲಿ ತಿರುಗುವ ಹಾಗೆ ಮಾಡಿ, ಇಡೀ ಒಂದು ದಿನ ತಳ್ಳುವುದು ಬಿಡುವುದು, ತಳ್ಳುವುದು ಬಿಡುವುದು. ಒಂದು ಸಲವೂ ತಪ್ಪಲಿಲ್ಲ. ಮಾರನೆಯ ದಿನ ಎರಡು ಮರಳು ಮೂಟೆ ಕೂರಿಸಿ, ಪಕ್ಕದಲ್ಲಿ ನಡೆಯುತ್ತ ಕಡ್ಡಿ ಹಿಡಿದು ಅಂಗಡಿ ಮುಂದಿನ ಏರು ಹತ್ತಿಸಿದೆ. ಅರ್ಧ ಏರಿದಾಗ ಎಡಗಡೆಯ ರಿಲೇ ಅಂಟಿಕೊಂಡಿತು. ಕೈ ತೆಗೆದರೂ ಎಡ ಚಕ್ರ ನಿಲ್ಲದೆ ಕುರ್ಚಿ ಗರಗರನೆ ಸುತ್ತಿ ಸಾಬರ ಬಾಗಿಲಿಗೆ ಹೋಗಿ ಗುದ್ದಿತು.

"ಯಾ ಅಲ್ಲಾ! ಬರೀ ಮೂಟೆ ಐತೆ ಅಂತ ಇಷ್ಟಕ್ಕೇ ಹೋಯ್ತು ಭಾಯಿ" ಅಂದರು ಸಾಬರು.

ಅವರು ನಕ್ಕರು. ನನಗೆ ನಗು ಬರಲಿಲ್ಲ. ಖಾಲಿ ಚಕ್ರ ತಿರುಗಿಸುವಾಗ ಏನೂ ಅಲ್ಲದ ಕರೆಂಟು, ತೂಕ ಹೊತ್ತು ಏರು ಹತ್ತುವಾಗ ರಿಲೇಯ ಬಿಂದುಗಳನ್ನು ಬೆಸೆದುಬಿಟ್ಟಿತ್ತು. ನಾಲ್ಕೂ ರಿಲೇಗಳನ್ನು ಎಸೆದು, ಲಾರಿಗೆ ಹಾಕುವ ದಪ್ಪ ರಿಲೇಗಳನ್ನು ಮೈಸೂರಿನಿಂದ ತಂದು ಹಾಕಿದೆ. ಅದೂ ಸಾಲದೆಂದು ಬ್ಯಾಟರಿಯ ಕರೆಂಟನ್ನೇ ಕಡಿಯುವ ಒಂದು ದೊಡ್ಡ ಕತ್ತಿ ಸ್ವಿಚ್ಚು ಕೂರಿಸಿ, ಅದಕ್ಕೆ ಹುರಿ ಕಟ್ಟಿ, ಹುರಿಯ ತುದಿಯನ್ನು ಎಡಗೈ ಹತ್ತಿರ ತಂದೆ. ಒಳಗೆ ಏನೇ ಅಂಟಿಕೊಳ್ಳಲಿ, ಹುರಿ ಜಗ್ಗಿದರೆ ಕುರ್ಚಿ ಬರೀ ಕಟ್ಟಿಗೆ, ಅಲ್ಲಾಡುವುದಿಲ್ಲ. ಇಷ್ಟು ಮಾಡಿ ನಾನು ಸ್ವಲ್ಪ ಬೀಗಿದೆ. ಆ ಡಾಕ್ಟರ ದೇಶದವರಿಗೂ ಇದು ಹೊಳೆದಿರಲಿಲ್ಲವಲ್ಲ ಎಂದುಕೊಂಡೆ.

ಮೇ ಕೊನೆಯ ದಿನಗಳು. ನಾಲೆ ಒಣಗಿತ್ತು. ಬೆಳಿಗ್ಗೆ ಸೈಕಲ್ ತುಳಿದುಕೊಂಡು ಅವರ ಮನೆಗೆ ಹೋಗಿ, ಬಿಸಿಲೇರುವವರೆಗೆ ಏರಿಯ ಮೇಲೆ ಓಡಿಸುವುದನ್ನು ಹೇಳಿಕೊಡುವುದು, ಆಮೇಲೆ ಅಂಗಡಿ. ತೂಬಿನಯ್ಯನವರಿಗೆ ಐವತ್ತರ ಮೇಲೆ. ಕಾಲು ಒಣಗಿ ಕಡ್ಡಿಯಾಗಿದ್ದರೂ ತೋಳು ಪೈಲ್ವಾನರದ್ದು.

"ಇಷ್ಟೇನಾ ಮೇಸ್ತ್ರಿ? ಕಡ್ಡಿ ಅಲ್ಲಾಡ್ಸುದ್ರೆ ಆಯ್ತಾ? ಅದ್ನೆಂಟ್ ವರ್ಸ ಗೇಟಿನ್ ಚಕ್ರ ತಿರುಗ್ಸಿ ತಿರುಗ್ಸಿ ನನ್ ತೋಳು ಬಿದ್ದೋಗಿದ್ವಲ್ಲ!" ಅಂದರು ಮೊದಲ ದಿನ.

ಇಷ್ಟೇ ಅಲ್ಲ ಎಂದು ಒಂದೊಂದಾಗಿ ಹೇಳಿದೆ. ಹತ್ತುವಾಗ ಇಳಿಯುವಾಗ ಹುರಿ ಜಗ್ಗಿ ಬ್ಯಾಟರಿ ಕಡಿದಿರಬೇಕು, ಪಂಚೆಯ ಅಂಚು ಕಡ್ಡಿಗೆ ಸಿಕ್ಕಿಕೊಂಡರೆ ಕುರ್ಚಿ ತಾನೇ ಹೊರಟುಬಿಡುತ್ತದೆ. ಮೋಟಾರನ್ನು ಚಕ್ರದಿಂದ ಬಿಡಿಸುವ ಎರಡು ಹಿಡಿಗಳನ್ನು ಏರಿಯ ಮೇಲೆ ಮುಟ್ಟಲೇಬಾರದು, ಬಿಡಿಸಿದರೆ ಇಳಿಜಾರಿನಲ್ಲಿ ತಡೆಯುವುದು ಏನೂ ಇರುವುದಿಲ್ಲ. ಕಡ್ಡಿಯನ್ನು ಒಮ್ಮೆಗೇ ದೂಡದೆ ಚೂರುಚೂರಾಗಿ ತಳ್ಳಬೇಕು. ನಾಲೆಯ ಕಡೆಯ ಚಕ್ರದ ಮೇಲೆ ಕಣ್ಣಿಡಬೇಕು, ಅಂಚಿಗೆ ಎರಡು ಗೇಣಿಗಿಂತ ಹತ್ತಿರ ಹೋಗಕೂಡದು. ಏನೇ ಅನುಮಾನ ಬಂದರೂ ಕೈ ಬಿಡಬೇಕು.

"ಕೈ ಬುಡಿ" ಅನ್ನುತ್ತಿದ್ದೆ. ಅವರು ಬಿಡುತ್ತಿದ್ದರು. ಕುರ್ಚಿ ನಿಲ್ಲುತ್ತಿತ್ತು. ನಾನು ಪೇಟೆಯವನಾದರೂ ಅವರ ಜೊತೆ ಅವರ ಮಾತೇ ನನ್ನ ಬಾಯಿಗೆ ಬರುತ್ತಿತ್ತು. ಎಂಟು ದಿನ ಹೀಗೇ ನಡೆಯಿತು.

ಒಂಬತ್ತನೆಯ ದಿನ ಮನೆಯಿಂದ ಕೋಣೆಯವರೆಗೂ ಒಂದೇ ಸಲಕ್ಕೆ ಹೋಗೋಣ ಎಂದೆ. ಹೆಂಡತಿ ಮುಂದೆ ನಡೆಯುತ್ತ, ದಾರಿಯಲ್ಲಿದ್ದ ಕಲ್ಲುಗಳನ್ನು ಹೆಕ್ಕಿ ಎಸೆಯುತ್ತಿದ್ದರು. ನಾನು ಹಿಂದೆ ಹದಿನೈದು ಅಡಿ ದೂರದಲ್ಲಿದ್ದೆ. ಅವರು ಒಬ್ಬರೇ ಓಡಿಸಿ ರೂಢಿಯಾಗಲಿ ಎಂದು ಬೇಕೆಂದೇ ದೂರವಿದ್ದೆ. ಕೋಣೆ ಇನ್ನು ನೂರು ಹೆಜ್ಜೆ ಇರುವಾಗ ಆಕೆ ಹೂತಿದ್ದ ಒಂದು ಕಲ್ಲನ್ನು ಕೀಳಲು ಬಗ್ಗಿ ನಿಂತುಬಿಟ್ಟರು. ತೂಬಿನಯ್ಯನವರು ನಾನು ಹೇಳಿಕೊಟ್ಟ ಪ್ರಕಾರ ನಾಲೆಯ ಕಡೆಯ ಚಕ್ರವನ್ನೇ ನೋಡುತ್ತಿದ್ದರು, ಮುಂದೆ ನೋಡುತ್ತಿರಲಿಲ್ಲ. ನಾನು ಓಡುತ್ತ ಕಿರುಚಿದೆ, "ಬುಡಿ! ಬುಡಿ!"

ಅವರ ಬಲಗೈ ಕಡ್ಡಿಯನ್ನು ಕೊನೆಯವರೆಗೂ ಮುಂದಕ್ಕೆ ಒತ್ತಿತು. ಕಾಲಿಡುವ ಕಬ್ಬಿಣದ ಹಲಗೆ ಹೋಗಿ ಆಕೆಯ ಸೊಂಟಕ್ಕೆ ಬಡಿಯಿತು. ಆಕೆ ಏರಿಯಿಂದ ಉರುಳಿ, ಕಲ್ಲು ಹಾಸಿದ ಇಳಿಜಾರಿನಲ್ಲಿ ಹೊರಳಿ ಹೊರಳಿ, ಒಣ ನಾಲೆಯ ತಳಕ್ಕೆ ಬಿದ್ದರು. ಆಮೇಲೆ ಇವರು ಹುರಿ ಜಗ್ಗಿದರು. ಕುರ್ಚಿ ಅಂಚಿನಿಂದ ಒಂದು ಗೇಣು ಹಿಂದೆ ನಿಂತಿತು.

ತೊಡೆಯ ಮೂಳೆ ಸೊಂಟ ಸೇರುವ ಜಾಗದಲ್ಲಿ ಮುರಿದಿತ್ತು. ಇಲಾಖೆಯ ಜೀಪಿನಲ್ಲಿ ಮೈಸೂರಿಗೆ ಒಯ್ದೆವು. ಡಾಕ್ಟರು ಕಾಲಿಗೆ ಭಾರ ಕಟ್ಟಿ ಮಲಗಿಸಿದರು. ಇನ್ನು ನಡೆಯುವುದು ಅನುಮಾನ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಸ್ವಲ್ಪ ದಿನದ ಮೇಲೆ ಆಕೆಯ ತಮ್ಮ ಬಂದು ಕೆ.ಆರ್.ಪೇಟೆ ಕಡೆಯ ತಮ್ಮ ಊರಿಗೆ ಕರೆದುಕೊಂಡು ಹೋದರು.

ಅಪಘಾತವಾದ ದಿನ ಸಂಜೆಯೇ ಪೆಟ್ಟಿಗೆ ಬಿಚ್ಚಿದೆ. ಒಳಗೆ ಏನಾದರೂ ಅಂಟಿಕೊಂಡಿರಲಿ ದೇವರೇ ಎಂದು ಬೇಡಿಕೊಂಡೇ ಬಿಚ್ಚಿದೆ. ಬಿಂದುಗಳು ಕನ್ನಡಿಯಂತಿದ್ದವು. ಸ್ಪ್ರಿಂಗು ಸರಿಯಾಗಿತ್ತು. ಕುರ್ಚಿ ಅವರ ಕೈಯ ಮಾತನ್ನು ಚಾಚೂ ತಪ್ಪದೆ ಕೇಳಿತ್ತು. ಹಾಗಾದರೆ ಈ ಮನುಷ್ಯ ಯಾಕೆ ಹೀಗೆ ಮಾಡಿದ? ಸಿಟ್ಟು ತಡೆಯಲಾಗದೆ ಮಾರನೆಯ ದಿನ ಹೋಗಿ ಕೇಳಿಯೇಬಿಟ್ಟೆ.

ಅವರು ಗೋಡೆ ನೋಡುತ್ತ ಮಲಗಿದ್ದರು. "ನೀವು ಬುಡಿ ಅಂದ್ರಿ. ಬುಟ್ಟೆ" ಅಂದರು.

"ನಾನು ಹೇಳಿದ್ದು ಕೈ ಬುಡಿ ಅಂತ."

"ಕೈ ಅನ್ನಲಿಲ್ಲ ಮೇಸ್ತ್ರಿ. ಬರೀ ಬುಡಿ ಅಂದ್ರಿ. ಅದ್ನೆಂಟ್ ವರ್ಸ ಏರಿ ಮ್ಯಾಲಿಂದ ಓವರ್ಸೀರು ಬುಡ್ಲಾ ಅಂದ್ರೆ ಗೇಟು ಎತ್ತಿ ನೀರು ಬುಡ್ತಿದ್ದೆ. ಸಾಕು ನಿಲ್ಸು ಅನ್ನಕ್ಕೆ ಇಳ್ಸು ಅಂತಿದ್ರು. ಕಿವಿಗೆ ಮಾತು ಬಿತ್ತು, ಕೈ ತಾನೇ ಮುಂದುಕ್ಕೆ ಓಯ್ತು. ನನ್ ಎಂಡ್ರುನ್ನ ನಾನೇ ಕೊಂದಾಕ್ತಿದ್ದೆ."

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ನಮ್ಮ ಕಡೆ ಗಾಡಿ ಬುಡು ಎಂದರೆ ಹೊರಡಿಸು. ಕರೆಂಟು ಬುಡು ಎಂದರೆ ಹಾಕು. ನೀರು ಬುಡು ಎಂದರೆ ಹರಿಸು. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತು. ಸ್ಪ್ರಿಂಗನ್ನು ಸಾವಿರ ಸಲ ಒತ್ತಿ ಪರೀಕ್ಷೆ ಮಾಡಿದವನು ನಾನು. ನಿಲ್ಲಿಸು ಎನ್ನಲು ಯಾವ ಮಾತು ಬಳಸುತ್ತಿದ್ದೇನೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಗಾಬರಿಯಲ್ಲಿ 'ಕೈ' ಎಂಬ ಒಂದಕ್ಷರ ನುಂಗಿದ್ದೆ, ಒಬ್ಬ ಹೆಂಗಸಿನ ಕಾಲು ಹೋಯಿತು.

ಇಂಜಿನಿಯರು ಕರೆಸಿದರು. "ಮಿಷನ್ ತಪ್ಪೋ, ಆತನ ತಪ್ಪೋ? ಎರಡರಲ್ಲೊಂದು ಬರೆದುಕೊಡು" ಅಂದರು. ಕುರ್ಚಿಯ ತಪ್ಪೆಂದು ಬರೆದರೆ ಅದನ್ನು ಏರಿ ಹತ್ತಿಸಲು ಬಿಡುತ್ತಿರಲಿಲ್ಲ. ಆತನ ತಪ್ಪೆಂದರೆ ಕೆಲಸಕ್ಕೆ ನಾಲಾಯಕ್ಕು. ಯಾವುದನ್ನು ಬರೆದರೂ ಅವರು ಮನೆ ಬಿಡಬೇಕು. ನಾನು ಅಲ್ಲೇ ಬೆಂಚಿನ ಮೇಲೆ ಕೂತು, ಕುರ್ಚಿ ಸರಿಯಾಗಿದೆ, ಓಡಿಸಿದವರೂ ಅವರಿಗೆ ಅರ್ಥವಾದಂತೆ ಸರಿಯಾಗಿಯೇ ಓಡಿಸಿದ್ದಾರೆ, ಹೇಳಿಕೊಟ್ಟವನಾದ ನಾನು ತಪ್ಪು ಮಾತು ಕೂಗಿದೆ ಎಂದು ಬರೆದು ಸಹಿ ಹಾಕಿದೆ. ಇಂಜಿನಿಯರು ಎರಡು ಸಲ ಓದಿದರು. ಕೆಟ್ಟವರಲ್ಲ, ಕಾಗದದಲ್ಲಿ ಇದ್ದದ್ದನ್ನು ನಂಬುವವರು. ಮನೆ ಖಾಲಿ ಮಾಡಿಸುವುದನ್ನು ಸದ್ಯಕ್ಕೆ ತಡೆದು, ಹದಿನೈದು ದಿನ ಕಳೆದು ತಾವೇ ಬಂದು ನೋಡುವುದಾಗಿ ಹೇಳಿದರು. ಇನ್ನು ಮುಂದೆ ಫೋನು ರಿಪೇರಿಗೆ ನೀನು ಬರುವುದು ಬೇಡ ಎಂದೂ ಹೇಳಿದರು. ಹೊರಗೆ ಬಂದಾಗ ಮೈ ಹಗುರಾಗಿತ್ತು. ನಾನೊಬ್ಬ ಸತ್ಯಸಂಧ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಹೆಂಡತಿಯ ತಮ್ಮ ವಾಪಸು ಬಂದು ಭಾವನ ಜೊತೆ ಉಳಿದರು. ತೂಬಿನಯ್ಯನವರು ಮತ್ತೆ ಕುರ್ಚಿ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದರು. ಮನೆ ಹೋದರೆ ನಿಮ್ಮ ಹೆಂಡತಿ ಎಲ್ಲಿಗೆ ವಾಪಸು ಬರುತ್ತಾರೆ ಎಂದು ಕೇಳಿದೆ. ಆ ಮಾತಿಗೆ ಒಪ್ಪಿದರು. ಈ ಸಲ ಅವರದೇ ಮಾತು ಇಟ್ಟುಕೊಂಡೆವು. ನಿಲ್ಲಿಸಲು 'ಇಳ್ಸಿ'. ಬೇರೆ ಯಾವ ಮಾತೂ ಇಲ್ಲ. ಮಾತಾಡುತ್ತಿರುವಾಗ, ಬೀಡಿ ಹಚ್ಚುವಾಗ, ಬೇರೆಲ್ಲೋ ನೋಡುತ್ತಿರುವಾಗ, ಯಾವ ಸೂಚನೆಯೂ ಕೊಡದೆ ಹಿಂದಿನಿಂದ ಕೂಗುತ್ತಿದ್ದೆ. ಪ್ರತಿ ಸಲವೂ ಅವರ ಕೈ ಕಡ್ಡಿ ಬಿಟ್ಟು ಹಾರುತ್ತಿತ್ತು. ಕಣ್ಣನ್ನು ಮೂರು ಎಣಿಸುವಷ್ಟು ಹೊತ್ತು ಚಕ್ರದ ಮೇಲೆ, ಮೂರು ಎಣಿಸುವಷ್ಟು ದಾರಿಯ ಮೇಲೆ ಇಡಬೇಕು, ಕುರ್ಚಿಯ ಮುಂದೆ ಯಾರೂ ನಡೆಯಕೂಡದು ಎಂಬ ನಿಯಮವನ್ನೂ ಮಾಡಿದೆವು.

ಪರೀಕ್ಷೆಯ ದಿನ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಇಂಜಿನಿಯರು ಏರಿಯ ಮೇಲೆ ನಿಂತಿದ್ದರು. ದಾರಿಯ ನಡುವೆ ಜವಾನನನ್ನು ಅಡ್ಡ ಬರುವಂತೆ ಅವರೇ ಹೇಳಿಟ್ಟಿದ್ದರಂತೆ. ಆತ ಬಂದ, "ಇಳ್ಸಿ" ಎಂದೆ, ಕುರ್ಚಿ ಒಂದು ಮೊಳದೊಳಗೆ ನಿಂತಿತು. ಕೋಣೆಗೆ ಹೋಗಿ, ಅಳತೆಗೋಲು ನೋಡಿ, ಫೋನು ಎತ್ತಿ ಮಟ್ಟ ಹೇಳಿ ಬಂದರು. ಇಂಜಿನಿಯರು ತಲೆಯಾಡಿಸಿ ಜೀಪು ಹತ್ತಿದರು. ಮನೆ ಉಳಿಯಿತು. ತೂಬಿನಯ್ಯನವರು ನನ್ನ ಎರಡೂ ಕೈ ಹಿಡಿದುಕೊಂಡು, "ಅವ್ಳು ಬಂದ್ಬುಡ್ಲಿ, ನಿಮ್ಗೆ ಬಾಡೂಟ ಆಕುಸ್ತೀನಿ" ಅಂದರು.

ಬ್ಯಾಟರಿ ನೀರು ನೋಡಲು ತಿಂಗಳ ಮೇಲೆ ಹೋದೆ. ಕುರ್ಚಿ ಅಂಗಳದಲ್ಲೇ ಇತ್ತು, ಅದರಲ್ಲಿ ಅವರಿದ್ದರು. ಬ್ಯಾಟರಿ ತುಂಬಿತ್ತು, ಬಿಂದುಗಳು ಶುದ್ಧ, ಹುರಿ ಬಿಗಿಯಾಗಿತ್ತು. ಒಂದು ಹೊತ್ತೂ ತಪ್ಪಿಸದೆ ಮಟ್ಟ ಹೇಳುತ್ತಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದರು. ಕೊಳೆತ ವಾಸನೆ ಬರುತ್ತಿತ್ತು. ಮೊದಲು ಆಸಿಡ್ ಸೋರಿ ಏನೋ ಕೆಟ್ಟಿದೆ ಎಂದುಕೊಂಡು ಸೀಟಿನ ಕೆಳಗೆ ಬಗ್ಗಿದೆ. ಸೀಟಿನ ರೆಕ್ಸಿನ್ನನ್ನು ನಡುವೆ ದುಂಡಗೆ ಕುಯ್ದು, ಕೆಳಗೆ ಒಂದು ಬೋಗುಣಿ ಸಿಕ್ಕಿಸಿದ್ದರು.

"ನಿಮ್ಮ ಭಾವಮೈದ ಎಲ್ಲಿ?" ಎಂದೆ.

"ಬಿತ್ನೆ ಬಂತಲ್ಲ, ಊರಿಗೆ ಓದ. ಅವ್ನದೂ ಒಲ ಐತಲ್ಲ ಪಾಪ."

"ಮತ್ತೆ ನಿಮ್ಮನ್ನ ಮಂಚಕ್ಕೆ ಯಾರು ಇಳಿಸ್ತಾರೆ?"

ಅವರು ಪಂಚೆಯ ಅಂಚು ಎಳೆದು ಸರಿಮಾಡಿಕೊಂಡರು. ಬಿಡದೆ ಕೇಳಿದ ಮೇಲೆ ವಿಷಯ ಹೊರಬಂತು. ಹನ್ನೆರಡು ದಿನದಿಂದ ಅವರು ಆ ಕುರ್ಚಿಯಿಂದ ಇಳಿದಿರಲಿಲ್ಲ. ಪಕ್ಕದ ಗೇಟಿನವರು ಮುದ್ದೆ ತಂದುಕೊಟ್ಟು ಹೋಗುತ್ತಿದ್ದರು. ಎತ್ತಿ ಇಳಿಸಿ ಎಂದು ಅವರನ್ನು ಕೇಳಿದರೆ, ಆತ ಅಸಹಾಯಕ ಎಂದು ಸುದ್ದಿ ಇಂಜಿನಿಯರಿಗೆ ಮುಟ್ಟುತ್ತದೆಂದು ಹೆದರಿ ಕೇಳಿರಲಿಲ್ಲ. ತರಬೇತಿಯ ದಿನಗಳಲ್ಲಿ ನಾನು ಹೋಗುವ ಹೊತ್ತಿಗೆ ಅವರು ಕುರ್ಚಿಯಲ್ಲಿ ಕೂತಿರುತ್ತಿದ್ದರು. ಹತ್ತುವಾಗ ಇಳಿಯುವಾಗ ಹುರಿ ಜಗ್ಗಿ ಎಂದು ದೊಡ್ಡದಾಗಿ ಪಾಠ ಹೇಳಿದ್ದೆ. ಹತ್ತುವುದು ಇಳಿಯುವುದು ಹೇಗೆ ಎಂದು ಕೇಳಿರಲಿಲ್ಲ.

ತೋಳು ಹಿಡಿದು ಎತ್ತಲು ನೋಡಿದೆ. ಆಗಲಿಲ್ಲ. ಪಕ್ಕದ ಗೇಟಿನವರನ್ನು ಕರೆದು ಇಬ್ಬರೂ ಸೇರಿ ಎಳೆದಾಡಿ ಮಂಚಕ್ಕೆ ಹಾಕಿದೆವು. ಬಟ್ಟೆ ಜಾರಿಸಿ ನೋಡಿದಾಗ ಪಕ್ಕದವರು ಎದ್ದು ಹೊರಗೆ ಹೋದರು. ಕೂತ ಜಾಗದಲ್ಲಿ ಎರಡೂ ಕಡೆ ಮಾಂಸ ಕೊಳೆತು ಮೂಳೆ ಕಾಣುತ್ತಿತ್ತು.

"ನಂಗೇನ್ ನೋವಿಲ್ಲ ಕಣ್ರೀ ಮೇಸ್ತ್ರಿ. ಸಾಹೇಬ್ರಿಗೆ ಮಾತ್ರ ಯೋಳ್ಬ್ಯಾಡಿ" ಅಂದರು. ಮೈ ಕೆಂಡದಂತೆ ಸುಡುತ್ತಿತ್ತು. ನಾನು ಅವರ ಮಾತು ಕೇಳಲಿಲ್ಲ. ಅದೇ ಗೇಟಿನ ಫೋನಿನಲ್ಲಿ ಇಂಜಿನಿಯರಿಗೆ ಹೇಳಿ ಜೀಪು ತರಿಸಿ, ಮೈಸೂರಿನ ಆಸ್ಪತ್ರೆಗೆ ಸೇರಿಸಿದೆ. ದಾರಿಯುದ್ದಕ್ಕೂ ಅವರು ನನ್ನ ಮುಖ ನೋಡಲಿಲ್ಲ.

ಮಾರನೆಯ ದಿನ ಕೆ.ಆರ್.ಪೇಟೆ ಬಸ್ಸು ಹತ್ತಿದೆ. ಆಕೆ ಜಗಲಿಯ ಮೇಲೆ ಮಲಗಿದ್ದರು. ತಪ್ಪೊಪ್ಪಿಕೊಳ್ಳಲು ದಾರಿಯಲ್ಲಿ ಏನೇನೋ ಮಾತು ಜೋಡಿಸಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಆಕೆ ಕೇಳಿದರು.

"ಅಣ್ಣ, ಅವ್ರುನ್ನ ಎತ್ತಿ ಇಳಿಸೋರು ಯಾರವ್ರೆ?"

ಇದ್ದದ್ದನ್ನು ಹೇಳಿದೆ. ಹೊಲದಿಂದ ಆಗತಾನೆ ಬಂದಿದ್ದ ಆಕೆಯ ತಮ್ಮ ಅಂಗಳದಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ನೋಡಿಕೊಳ್ಳಿ ಎಂದು ಪಕ್ಕದ ಗೇಟಿನವರಿಗೆ ಹೇಳಿ ಬಂದಿದ್ದೆ ಎಂದು ಗೊಣಗಿದರು. ಆಕೆ ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ತೋಳು ಇಡ್ದು ಎಳುದ್ರಾ?"

"ಹೂಂ."

"ಅಂಗೆ ಎಳೀಬಾರ್ದು, ಕೀಲು ಬುಟ್ಕತದೆ. ಇತ್ತಗೆ ಬನ್ನಿ, ಯೋಳ್ಕೊಡ್ತೀನಿ. ಅವ್ರ ನಡುಕ್ಕೆ ಪಂಚೆ ಸುತ್ಬೇಕು, ಇಂದೆ ಗಂಟು. ಅವ್ರ ಎದುರ್ಗೆ ಬಗ್ಗಿ, ಅವ್ರ ಎಲ್ಡ್ ಮಂಡೀನೂ ನಿಮ್ ಮಂಡಿ ಮಧ್ಯ ಇಡ್ಕಳಿ. ಅವ್ರ ಗದ್ದ ನಿಮ್ ಬಲಭುಜದ್ ಮ್ಯಾಲೆ ಬರ್ಬೇಕು. ಗಂಟು ಇಡ್ಕಂಡು ಒಂದ್ಸಲ ಮುಂದುಕ್ ತೂಗಿ, ಒಂದ್ಸಲ ಇಂದುಕ್ ತೂಗಿ, ಮೂರ್ನೇ ಸಲಕ್ಕೆ ಎದ್ದೇಳಿ. ನಿಮ್ ತೂಕವೇ ಅವ್ರುನ್ನ ಎತ್ತದೆ, ಬಲ ಬ್ಯಾಡ. ಮಲಗ್ಸಿದ್ ಮ್ಯಾಲೆ ಜಾವಕ್ಕೊಂದ್ಸಲ ಮಗ್ಗುಲು ತಿರುಗುಸ್ಬೇಕು, ತಿರುಗ್ಸಿ ಬೆನ್ನು ನೋಡ್ಬೇಕು. ಅವ್ರಿಗೆ ತಿಳಿಯಕ್ಕಿಲ್ಲ, ನಾವೇ ನೋಡ್ಬೇಕು."

ಮೂರು ವರ್ಷ ದಿನಾ ಮಾಡಿದ್ದ ಕೆಲಸವನ್ನು ಆಕೆ ಅಲ್ಲಾಡದೆ ಮಲಗಿಕೊಂಡೇ ಹೇಳಿದರು. ತಮ್ಮನನ್ನು ಜಗಲಿಯ ಅಂಚಿಗೆ ಕೂರಿಸಿ ನನ್ನಿಂದ ಮಾಡಿಸಿಯೂ ನೋಡಿದರು. ಮೊದಲ ಸಲ ತಪ್ಪಿದೆ. "ಗದ್ದ, ಗದ್ದ" ಎಂದು ಗದರಿಸಿದರು. ನಾಲ್ಕನೆಯ ಸಲ ಸರಿಬಂತು. ಆಕೆಯ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತು. "ಇನ್ ನೀವ್ ಓಗಿ, ಬಸ್ ತಪ್ಪೋದಾತು" ಅಂದರು. ತಮ್ಮನೂ ನನ್ನ ಜೊತೆಗೇ ಹೊರಟರು.

ನಾವು ಮೈಸೂರು ಮುಟ್ಟುವ ಹೊತ್ತಿಗೆ ತೂಬಿನಯ್ಯನವರು ಹೋಗಿ ಒಂದು ಗಂಟೆಯಾಗಿತ್ತು. ನಂಜು ರಕ್ತಕ್ಕೆ ಸೇರಿತ್ತು ಅಂದರು. ವ್ಯಾನು ಬಾಗಿಲಿಗೆ ಬಂದಿದೆ ಎಂದು ಆಸ್ಪತ್ರೆಯ ಇಬ್ಬರು ಆಳುಗಳು ಸ್ಟ್ರೆಚರು ತಳ್ಳಿಕೊಂಡು ಒಳಗೆ ಬಂದು, ಒಬ್ಬ ತೋಳಿಗೂ ಒಬ್ಬ ಕಾಲಿಗೂ ಕೈ ಹಾಕಿದರು. ನಾನು ಬೇಡ ಎಂದೆ. ಆಕೆಯ ತಮ್ಮನ ಹೆಗಲ ಪಂಚೆ ಇಸಿದುಕೊಂಡು ಅವರ ನಡುವಿಗೆ ಸುತ್ತಿ ಹಿಂದೆ ಗಂಟು ಹಾಕಿದೆ. ಆಕೆಯ ತಮ್ಮ ಅವರ ಬೆನ್ನಿಗೆ ಕೈ ಕೊಟ್ಟು ಮಂಚದ ಅಂಚಿಗೆ ಕೂರಿಸಿದರು. ಎರಡು ಮಂಡಿಗಳನ್ನೂ ನನ್ನ ಮಂಡಿಗಳ ಮಧ್ಯಕ್ಕೆ ತಂದುಕೊಂಡು, ಗದ್ದವನ್ನು ನನ್ನ ಬಲಭುಜದ ಮೇಲೆ ಇಟ್ಟುಕೊಂಡೆ. ಗಂಟು ಹಿಡಿದು ಒಂದು ಸಲ ಮುಂದಕ್ಕೆ ತೂಗಿದೆ, ಒಂದು ಸಲ ಹಿಂದಕ್ಕೆ ತೂಗಿದೆ, ಮೂರನೆಯ ಸಲ ಎದ್ದೆ. ಏನೂ ಕಷ್ಟವಾಗಲಿಲ್ಲ.